ಒಂದು ವಾರ ನೆಗಡಿ

ಇದರಲ್ಲಿ ಒಂದಕ್ಷರ ಸುಳ್ಳಿದ್ದರೂ ನಾಳೆಯಿಂದ ನನ್ನ ತಟ್ಟೆಗೆ ಉಪ್ಪಿಲ್ಲದ ಅನ್ನ ಬೀಳಲಿ. ಬೇರೆ ಯಾವುದರ ಮೇಲಾದರೂ ಆಣೆ ಇಡಬಹುದಿತ್ತು. ಆದರೆ ನಾನು ಹೇಳಹೊರಟಿರುವ ಮನೆಯ ವಿಷಯದಲ್ಲಿ ಉಪ್ಪಿಗಿಂತ ದೊಡ್ಡದು ಯಾವುದೂ ಇಲ್ಲ.

ಆ ಮನೆಯವರು ಸೊಸೆಯನ್ನು ಬದಲಾಯಿಸಿದರು, ಅತ್ತೆಗೆ ಹೇಳಲಿಲ್ಲ. ನಡೆದದ್ದು ಇಷ್ಟೇ. ಹೇಗೆ ಅಂತ ಕೇಳಿದರೆ ಮಾತ್ರ ಸ್ವಲ್ಪ ಕೂರಬೇಕಾಗುತ್ತದೆ.

ಬಣ್ಣದಂಗಡಿಯ ಮೇಲಿನ ಮಹಡಿ ಮನೆ. ಮನೆ ಅತ್ತೆಯದು. ಅವರು ಕೆಲಸದಲ್ಲಿದ್ದಷ್ಟು ಕಾಲವೂ ಸಿನಿಮಾ ಟಾಕೀಸಿನ ಟಿಕೆಟ್ ಕಿಂಡಿಯ ಹಿಂದೆ ಕೂತವರು. ನಿವೃತ್ತರಾದ ಮೇಲೂ ಆ ಕಿಂಡಿಯಿಂದ ಎದ್ದು ಬಂದಿರಲಿಲ್ಲ. ಮಕ್ಕಳು ಏನಾದರೂ ಕೇಳಿ, ಅದು ಇಷ್ಟವಾಗದಿದ್ದರೆ ಒಂದೇ ಮಾತು: "ಹೌಸ್‌ಫುಲ್." ಅಲ್ಲಿಗೆ ಮುಗಿಯಿತು.

ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಆಪರೇಷನ್ ಅಂದರೆ, "ನಿಮ್ಮ ಮುಖಗಳನ್ನ ಇನ್ನೂ ಚೆನ್ನಾಗಿ ನೋಡಿ ನಾನೇನ್ ಉದ್ಧಾರ ಆಗ್ಬೇಕು?" ಎನ್ನುತ್ತಿದ್ದರು. ಸಂಜೆಯಾದರೆ ಟೀವಿಗೆ ಮೂಗು ತಾಗುವಷ್ಟು ಹತ್ತಿರ ಕುರ್ಚಿ ಎಳೆದುಕೊಂಡು 'ಅಡುಗೆ ಆಯ್ತಾ' ನೋಡುತ್ತಿದ್ದರು.

ಆ ನಗೆ ಧಾರಾವಾಹಿ ಎಷ್ಟು ಹಳೆಯದೆಂದರೆ, ಮೊದಲ ಕಂತಿನಲ್ಲಿ ತೊಟ್ಟಿಲಲ್ಲಿ ಮಲಗಿದ್ದ ಮಗುವೇ ಈಗ ಅದರಲ್ಲಿ ಬಾಡಿಗೆ ವಸೂಲಿಗೆ ಬರುವ ಮೀಸೆಯವನು. ಒಂದು ಮನೆ, ಒಂದು ಸೋಫಾ, ಒಬ್ಬ ಜಿಪುಣ ಮಾವ. ಇನ್ನು ಮೇಲೆ ಧಾರಾಳಿಯಾಗುತ್ತೇನೆ ಅಂತ ಮಾವ ಪ್ರತಿ ಕಂತಿನಲ್ಲೂ ಶಪಥ ಮಾಡುತ್ತಾನೆ. ಕೊನೆಗೆ ಎಲ್ಲರೂ ಊಟಕ್ಕೆ ಕೂರುವ ಹೊತ್ತಿಗೆ ಮತ್ತೆ ಅನ್ನದ ಅಗುಳು ಎಣಿಸುತ್ತಿರುತ್ತಾನೆ. ಜನ ನಗುತ್ತಾರೆ. ಇದನ್ನು ಬರೆಯುವವನು ಅತ್ತೆಯ ಕಿರಿಯ ಮಗ. ಮನೆಯಲ್ಲೂ ಬೀದಿಯಲ್ಲೂ ಅವನನ್ನು ಕರೆಯುವುದು 'ಡೈಲಾಗು' ಎಂದೇ.

ಜಿಪುಣ ಮಾವನ ಪಾತ್ರ ಮಾಡುತ್ತಿದ್ದವನು ಜಗಳವಾಡಿ ಬಿಟ್ಟುಹೋದಾಗ, ಬೇರೊಬ್ಬನನ್ನು ತಂದು ಅದೇ ಸ್ವೆಟರ್ ತೊಡಿಸಿ ಅದೇ ಸೋಫಾದ ಮೇಲೆ ಕೂರಿಸಿದರು. ಮೈಕಟ್ಟು ಬೇರೆ, ಮೂಗು ಬೇರೆ. ಗಂಟಲೂ ಬೇರೆಯಾದ್ದರಿಂದ ಡೈಲಾಗು ಅವನಿಗೆ ಒಂದು ವಾರ ನೆಗಡಿ ಬರೆದ. ಆ ಸಂಜೆ ಅತ್ತೆ ಟೀವಿಯಿಂದ ಮುಖ ತೆಗೆಯದೆ ಅಂದದ್ದು ಇಷ್ಟೇ: "ಪಾಪ, ಮಾವಂಗೆ ನೆಗಡಿ. ಸೊರಗೋಗಿದಾನೆ."

ಕುರ್ಚಿಯ ಹಿಂದೆ ನಿಂತು ಚಹಾ ಕುಡಿಯುತ್ತಿದ್ದ ಡೈಲಾಗು ಆ ಮಾತನ್ನು ಮರೆಯಲಿಲ್ಲ.

ಹಿರಿಯ ಮಗ ಹಲ್ಲಿನ ಲ್ಯಾಬಿನಲ್ಲಿ ಕಟ್ಟುಹಲ್ಲು ಮಾಡುವವನು. ಎಲ್ಲರಿಗೂ ಅವನು ಹಲ್ಲಿನ ಮೇಸ್ತ್ರಿ. ಅವನ ಮೊದಲ ಹೆಂಡತಿ, ಹಳಬಳು ಅನ್ನೋಣ, ಒಂದು ಬೆಳಿಗ್ಗೆ ಒಲೆಯ ಮೇಲೆ ಹಾಲಿಟ್ಟು ಹೊರಟವಳು ಹಾಲು ಉಕ್ಕಿದರೂ ಬರಲಿಲ್ಲ, ಸೀದರೂ ಬರಲಿಲ್ಲ. ಅತ್ತೆ ಆಗ ತಂಗಿಯ ಮನೆಗೆ ಹೋಗಿದ್ದರು. ಅತ್ತೆಗೂ ಹಳಬಳಿಗೂ ಬೆಳಗಾದರೆ ಜಗಳ; ಆದರೂ ಅವಳು ಬಡಿಸದೆ ಅತ್ತೆ ಉಣ್ಣುತ್ತಿರಲಿಲ್ಲ. "ಅವಳು ಈ ಮನೆ ಬಿಟ್ಟ ದಿನ ನಾನು ಮನೆ ಮಾರಿ ವೃದ್ಧಾಶ್ರಮಕ್ಕೆ ಹೋಗ್ತೀನಿ, ನೀವಿಬ್ರೂ ಫುಟ್‌ಪಾತಿಗೆ ಹೋಗಿ" ಅಂತ ಎಷ್ಟೋ ಸಲ ಅಂದಿದ್ದರು. ಮಕ್ಕಳಿಗೆ ಜೀವ ಹಾರಿತು. ಸೊಸೆಯ ತಾಯಿ ಬಿದ್ದು ಸೊಂಟ ಮುರಿದುಕೊಂಡಿದ್ದಾರೆ, ಸೊಸೆ ಆರೈಕೆಗೆ ಹೋಗಿದ್ದಾಳೆ ಅಂದರು. ವಿಚ್ಛೇದನ ಮುಗಿಯುವ ತನಕ ಆ ಸೊಂಟ ಕೂಡಿಕೊಳ್ಳಲೇ ಇಲ್ಲ.

"ಅದೇನ್ ಸೊಂಟಾನೋ ಸೇತುವೇನೋ? ಇನ್ನೂ ರಿಪೇರಿ ನಡೀತಿದ್ಯಲ್ಲ!" ಎಂದು ಅತ್ತೆ ಕೇಳತೊಡಗಿದ ಹೊತ್ತಿಗೆ ಸರಿಯಾಗಿ ಮೇಸ್ತ್ರಿಗೆ ಹೊಸಬಳು ಸಿಕ್ಕಳು.

ಅವಳು ಅದೇ ಲ್ಯಾಬಿನಲ್ಲಿ ಬಾಯಿಯ ಅಚ್ಚುಗಳಿಗೆ ಪ್ಲಾಸ್ಟರ್ ಹುಯ್ಯುತ್ತಿದ್ದವಳು. ಮೊದಲ ಗಂಡ ಲಾರಿ ಓಡಿಸಿಕೊಂಡು ಹೋದ. ಲಾರಿ ಮಾತ್ರ ವಾಪಸ್ ಬಂತು. ಎಂಟು ವರ್ಷದ ಒಬ್ಬಳು ಮಗಳಿದ್ದಳು. ಗಾತ್ರ ಸಣ್ಣದು, ನಾಲಿಗೆ ಖಾರ, ಹಾಗಾಗಿ ಮೆಣಸು ಅಂತ ಕರೆಯುತ್ತಿದ್ದರು. ಅವಳನ್ನು ಅಕ್ಕನ ಮನೆಯಲ್ಲಿ ಬಿಟ್ಟಿದ್ದಳು. ರಿಜಿಸ್ಟ್ರಾರ್ ಆಫೀಸಿನ ಮೆಟ್ಟಿಲ ಮೇಲೆ ಹೊಸಬಳು ಗಂಡನನ್ನು ಕೇಳಿದ್ದು ಒಂದೇ ಒಂದು.

"ಮೆಣಸು ನಮ್ಜೊತೆ ಇರ್ಬೇಕು. ಅದೊಂದ್ ಮಾತು ಕೊಡಿ."

"ಕೊಟ್ಟೆ. ಆದ್ರೆ ಅಮ್ಮಂಗೆ ನಿಧಾನಕ್ಕೆ ಹೇಳ್ಬೇಕು. ಒಂದ್ ತಿಂಗ್ಳು ತಡಿ. ಅಲ್ಲೀ ತನಕ ನೀನು ಅವಳು."

"ಅವಳು ಅಂದ್ರೆ?"

"ಅವಳೇ."

ಹೊಸಬಳು ನಕ್ಕಳು. ಗಂಡನೂ ಮೈದುನನೂ ನಗಲಿಲ್ಲ. ಡೈಲಾಗು ಕೈಯಲ್ಲಿದ್ದ ಚೀಲದಿಂದ ಹಳಬಳ ಒಂದು ಜೊತೆ ಚಪ್ಪಲಿ ತೆಗೆದು ಅವಳ ಕಾಲ ಬಳಿ ಇಟ್ಟ. ಹಿಮ್ಮಡಿಯ ಕಡೆ ಸವೆದಿತ್ತು. "ನಡೆಯೋ ಸದ್ದು ಮುಖ್ಯ ಅತ್ತಿಗೆ," ಅಂದ. "ಹಾಕ್ಕೊಳ್ಳಿ."

ಚಪ್ಪಲಿ ಒಂದು ಬೆರಳಷ್ಟು ಚಿಕ್ಕದಿತ್ತು.

"ಒತ್ತುತ್ತೆ," ಅಂದಳು.

ಮೇಸ್ತ್ರಿ ಅನುಭವದಿಂದ ಹೇಳಿದ, "ಹೊಸ ಸೆಟ್ಟು ಯಾವಾಗ್ಲೂ ಒಂದ್ ವಾರ ಒತ್ತುತ್ತೆ. ಆಮೇಲೆ ವಸಡೇ ಅದರ ಆಕಾರಕ್ಕೆ ಬರುತ್ತೆ."

ಮೊದಲ ದಿನ ದನಿಯ ಕಷ್ಟವೇ ಬರಲಿಲ್ಲ. ಅವಳಿಗೆ ನೆಗಡಿ ಅಂತ ಇಬ್ಬರೂ ಮಕ್ಕಳು ಬಾಗಿಲಲ್ಲೇ ಸಾರಿದರು. ಅತ್ತೆ ಅವಳ ಕಡೆ ಕತ್ತು ಹೊರಳಿಸಿ, ಪೊರೆಗಣ್ಣಲ್ಲಿ ಮೇಲಿಂದ ಕೆಳಗೆ ಒಮ್ಮೆ ನೋಡಿದರು.

"ಬಂದ್ಯಾ?"

"ಹೂಂ ಅತ್ತೆ," ಅಂದಳು, ಮೂಗು ಹಿಡಿದುಕೊಂಡು.

"ನಿಮ್ಮಮ್ಮನ ಸೊಂಟ?"

"ಕೂಡ್ತು."

"ನಿನ್ ಮೂಗು ಕಟ್ತು. ಒಂದು ಹೋದ್ರೆ ಇನ್ನೊಂದು. ಹೋಗು, ಅಕ್ಕಿ ತೊಳಿ."

ಇಷ್ಟು ಸಲೀಸಾಗಿ ನಡೆದದ್ದಕ್ಕೆ ಮಕ್ಕಳಿಬ್ಬರೂ ಮೊಗಸಾಲೆಯಲ್ಲಿ ಒಬ್ಬರ ಕೈ ಒಬ್ಬರು ಕುಲುಕಿದರು. ಆ ಖುಷಿ ಊಟದ ಹೊತ್ತಿನ ತನಕ ಮಾತ್ರ ಉಳಿಯಿತು.

ಹೊಸಬಳ ಕೈ ಅಡುಗೆ ಚೆನ್ನಾಗಿತ್ತು. ಅದೇ ತಪ್ಪಾಯಿತು.

ಹಳಬಳ ಕೈ ಉಪ್ಪಿನಲ್ಲಿ ಭಾರ. ಮೊದಲ ತುತ್ತಿಗೇ ಅತ್ತೆ, "ಉಪ್ಪಿನ ಗೋಡೌನ್ ನಿಮ್ಮಪ್ಪಂದೇನೇ?" ಎನ್ನಬೇಕು. ಹಳಬಳು, "ನಿಮ್ ನಾಲಿಗೆಗೆ ಅಂತಾನೇ ತರ್ಸಿದ್ದು," ಎನ್ನಬೇಕು. ಡೈಲಾಗು ನಗಬೇಕು, ಮೇಸ್ತ್ರಿ "ಸಾಕು ಸಾಕು" ಎನ್ನಬೇಕು. ವರ್ಷಗಟ್ಟಲೆ ಹಾಗೇ ನಡೆದಿತ್ತು. ಈವತ್ತು ಅತ್ತೆ ತುತ್ತು ಬಾಯಿಗಿಟ್ಟರು. ಅಗಿದರು. ನುಂಗಿದರು. ಏನೂ ಅನ್ನಲಿಲ್ಲ. ಇನ್ನೊಂದು ತುತ್ತು. ಮತ್ತೂ ಏನೂ ಇಲ್ಲ. ಬಾಯಿ ತೆರೆದು, ಏನೋ ಹುಡುಕಿ ಸಿಗದವರ ಹಾಗೆ ಮುಚ್ಚಿಕೊಂಡರು. ಮೇಸ್ತ್ರಿಯ ಹಣೆಯಲ್ಲಿ ಬೆವರು. ಅತ್ತೆ ತಟ್ಟೆ ಪೂರ್ತಿ ಖಾಲಿ ಮಾಡಿ, ಕೈ ತೊಳೆದು, ಮಾತಾಡದೆ ಹೋಗಿ ಮಲಗಿದರು.

"ಚೆನ್ನಾಗಿ ಉಂಡ್ರಲ್ಲ," ಅಂದಳು ಹೊಸಬಳು.

"ಅದೇ ಅಪಾಯ!" ಡೈಲಾಗು ಪಿಸುಗುಟ್ಟಿದ. "ನಾಳೆಯಿಂದ ಮೂರು ಪಟ್ಟು ಉಪ್ಪು ಹಾಕಿ ಅತ್ತಿಗೆ."

"ನಾಯಿನೂ ಮೂಸಲ್ಲ ಅದನ್ನ!"

"ನಾಯಿಗಲ್ಲ ಬಡಿಸ್ತಿರೋದು. ನಮ್ಗೆ."

ಮರುದಿನ ಉಪ್ಪು ಬಿತ್ತು. ಅತ್ತೆ ಬೈದರು. ಹೊಸಬಳು, ಮೈದುನ ಕಲಿಸಿಕೊಟ್ಟ ಮಾತನ್ನು ತಡವರಿಸುತ್ತ ಒಪ್ಪಿಸಿದಳು. ಡೈಲಾಗು ನಕ್ಕ. ಮೇಸ್ತ್ರಿ ಸಾಕು ಸಾಕು ಅಂದ. ಮನೆಯ ಮೈಗೆ ಜೀವ ಬಂದ ಹಾಗಾಯಿತು.

ಒಂದು ತಿಂಗಳು ಕಳೆಯಿತು. ಮೇಸ್ತ್ರಿ ಹೇಳಲಿಲ್ಲ. ಕೇಳಿದರೆ, "ಅಮ್ಮಂಗೆ ಈ ವಾರ ಮಂಡಿನೋವು, ಪಾಪ," ಅಂದ. ಮುಂದಿನ ವಾರ ಮಂಡಿ ವಾಸಿಯಾಯಿತು. "ಈಗ ಖುಷಿಯಾಗಿದಾರೆ, ಯಾಕೆ ಕೆಡ್ಸೋದು?" ಅಂದ. ಅವನಿಗೆ ಅಷ್ಟರಲ್ಲಿ ಬಿ.ಪಿ. ಬಂದಿತ್ತು. ಉಪ್ಪು ಬಿಡಿ ಅಂತ ಡಾಕ್ಟರು ಕೂಗಾಡಿದ್ದರು. ಮಧ್ಯಾಹ್ನ ಲ್ಯಾಬಿನಲ್ಲಿ ಬೇಯಿಸಿದ ಬರೀ ಆಲೂಗಡ್ಡೆ ತಿಂದು, ರಾತ್ರಿ ಮನೆಯಲ್ಲಿ ಹೆಂಡತಿಯ ಉಪ್ಪು ತಿನ್ನುತ್ತಿದ್ದ. ಸತ್ಯ ಹೇಳುವುದಕ್ಕಿಂತ ಅದು ಸುಲಭ ಅಂತ ಅವನ ಲೆಕ್ಕ.

ಹೊಸಬಳು ತಾರಸಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದಾಗ ಮೈದುನನನ್ನು ತಡೆದು ನಿಲ್ಲಿಸಿದಳು.

"ನಿಮ್ ಸೀರಿಯಲ್ಲಲ್ಲಿ ಯಾರೂ ಬದಲಾಗೋದೇ ಇಲ್ವ?"

"ಆಗ್ತಾರೆ ಅತ್ತಿಗೆ. ಉಗುರು ಬೆಳೆದ ಹಾಗೆ. ಬೆಳೀತಿರೋದು ಯಾರಿಗೂ ಕಾಣ್ಬಾರ್ದು. ಕಂಡ್ರೆ ಕತ್ತರಿಸ್ಬೇಕು."

"ಒಂದೇ ಸಲ ಬದಲಾದ್ರೆ?"

"ಒಂದ್ಸಲ ಮಾವಂಗೆ ನಿಜವಾಗ್ಲೂ ಬುದ್ಧಿ ಬಂದ ಹಾಗೆ ಬರ್ದೆ. ಬೀದಿಗೆಲ್ಲ ಊಟ ಹಾಕ್ಸಿದ, ಆನಂದಬಾಷ್ಪ ಸುರಿಸ್ದ. ಆ ವಾರ ಬಂದ ಬೈಗುಳದ ಕಾಗದ ಅಂಟಿಸಿದ್ರೆ ಆಫೀಸ್ ಗೋಡೆಗೆ ಸುಣ್ಣ ಬೇಕಿರ್ಲಿಲ್ಲ. ಜನ ಹೊಸದು ಬೇಕು ಅಂತ ಬಾಯಲ್ಲಿ ಅಂತಾರೆ. ಕೂರೋದು ಮಾತ್ರ ಹಳೇ ಸೋಫಾದಲ್ಲೇ."

"ನಾನು ಸೋಫಾ ಅಲ್ಲ."

"ಅಯ್ಯೋ, ಯಾರಂದ್ರು?" ಅಂದ ಡೈಲಾಗು, ಒಣಗಿದ ತನ್ನ ಅಂಗಿಯನ್ನು ಅವಳ ಹೆಗಲ ಮೇಲೆ ನೇತುಹಾಕಿ ಕೆಳಗಿಳಿದ.

ಆದರೂ ಉಗುರಿನ ಮಾತು ಅವಳ ತಲೆಯಲ್ಲಿ ಕೂತಿತು. ಮಾರನೇ ದಿನದಿಂದ ಉಪ್ಪಿನಲ್ಲಿ ಒಂದೊಂದು ಚಿಟಿಕೆ ಕಡಿಮೆ ಮಾಡತೊಡಗಿದಳು. ಯಾರಿಗೂ ಗೊತ್ತಾಗದ ಹಾಗೆ ಒಂದು ದಿನ ಅಡುಗೆ ತನ್ನದಾಗುತ್ತದೆ, ಆಮೇಲೆ ಕಾಲಿನ ಚಪ್ಪಲಿ, ಆಮೇಲೆ ಮಗಳು. ಕೆಲವು ದಿನ ನಡೆಯಿತು. ಒಂದು ಸಂಜೆ ಅತ್ತೆ ತುತ್ತು ಬಾಯಿಗಿಟ್ಟು, ಏನೂ ಅನ್ನದೆ, ಕೈ ಚಾಚಿ ಉಪ್ಪಿನ ಡಬ್ಬಿ ತಡಕಿ, ಮುಷ್ಟಿ ತುಂಬ ತೆಗೆದು ಎಲ್ಲರ ತಟ್ಟೆಗೂ ಉದುರಿಸಿದರು. ಆಮೇಲೆ ಕೇಳಿದರು: "ಉಪ್ಪಿನ ಗೋಡೌನ್ ನಿಮ್ಮಪ್ಪಂದೇನೇ?"

ಎಲ್ಲರೂ ನಕ್ಕರು. ಹೊಸಬಳ ಮಾತು ಹೊರಡಲಿಲ್ಲ.

"ಏನೇ, ಬಾಯಿ ಬಿದ್ದೋಯ್ತಾ?" ಅಂದರು ಅತ್ತೆ.

"ನಿಮ್ ನಾಲಿಗೆಗೆ ಅಂತಾನೇ ತರ್ಸಿದ್ದು," ಅಂದಳು.

ಇಷ್ಟರಲ್ಲಿ ಹೊಸಬಳ ಅಕ್ಕ ಫೋನ್ ಮಾಡಿದಳು. ಭಾವನಿಗೆ ದೂರದೂರಿಗೆ ವರ್ಗ. ಅಲ್ಲಿ ಸಿಕ್ಕಿರುವುದು ಒಂದೇ ಕೋಣೆ. "ನಿನ್ ಮಗಳನ್ನ ನೀನು ಕರ್ಕೊಂಡ್ ಹೋಗು. ಅಥವಾ ಹಾಸ್ಟೆಲ್ ನೋಡು. ನಾನೆಷ್ಟು ದಿನ ಅಂತ ಇಟ್ಕೊಳ್ಳಿ?"

ಆ ರಾತ್ರಿ ಊಟವಾದ ಮೇಲೆ ಪಾತ್ರೆ ತೊಳೆಯುತ್ತ ಹೊಸಬಳು ಗಂಡನನ್ನು ಹಿಡಿದಳು.

"ಈಗಿಂದೀಗ್ಲೇ ಹೋಗಿ ಹೇಳಿ. ಇಲ್ದಿದ್ರೆ ನಾನ್ ಹೇಳ್ತೀನಿ."

"ಹೇಳು. ನಾಳೆ ಮನೆ ಮೇಲೆ ಮಾರಾಟಕ್ಕಿದೆ ಅಂತ ಬೋರ್ಡ್ ಬೀಳುತ್ತೆ. ಮೆಣಸುನ್ನ ಎಲ್ಲಿ ಮಲಗಿಸ್ತೀಯ? ಬೋರ್ಡ್ ಕೆಳಗಾ?"

"ಮಾತು ಕೊಟ್ರಿ ನೀವು."

"ಕೊಟ್ಟಿದೀನಿ. ವಾಪಸ್ ಎಲ್ಲಿ ಇಸ್ಕೊಂಡೆ?"

ಬಾಗಿಲಿಗೆ ಒರಗಿ ನಿಂತಿದ್ದ ಡೈಲಾಗು ಕೆಮ್ಮಿದ. "ಒಂದು ದಾರಿ ಇದೆ. ಸೀರಿಯಲ್ ಹಳಸ್ದಾಗ ನಾವೇನ್ ಮಾಡ್ತೀವಿ? ಒಂದ್ ಮಗು ತರ್ತೀವಿ. ಸೊಸೆಯ ಅಕ್ಕನ ಮಗಳು, ಓದಕ್ಕೆ ಅಂತ ಬಂದಿದಾಳೆ."

"ಹಳಬಳಿಗೆ ಅಕ್ಕ ಇದ್ಲಾ?" ಹೊಸಬಳು ಕೇಳಿದಳು.

"ಇರ್ಲಿಲ್ಲ. ಇನ್ಮೇಲೆ ಇದಾಳೆ. ನಮ್ಮಲ್ಲಿ ಅಕ್ಕಂದಿರು ಹಾಗೇ ಹುಟ್ಟೋದು."

ಇದರ ಅರ್ಥ ಏನೆಂದು ಅವಳಿಗೆ ಹೊಳೆಯಲು ಒಂದು ಕ್ಷಣ ಬೇಕಾಯಿತು. ಇಷ್ಟು ದಿನ ಮೆಣಸು ದೊಡ್ಡಮ್ಮ ಅಂತಿದ್ದವಳನ್ನು ಇನ್ನು ಅಮ್ಮ ಅನ್ನಬೇಕು. ಅಮ್ಮನನ್ನು ಚಿಕ್ಕಮ್ಮ ಅನ್ನಬೇಕು.

"ಆಗಲ್ಲ," ಅಂದಳು.

"ಹಾಸ್ಟೆಲ್ಲಿಗೆ ಹೋಗಿ ನೋಡೋ ಅಮ್ಮನಿಗಿಂತ ಮನೇಲಿರೋ ಚಿಕ್ಕಮ್ಮ ವಾಸಿ ಅಲ್ವ?" ಅಂದ ಮೇಸ್ತ್ರಿ. "ಒಂದ್ ವಾರ ಒತ್ತುತ್ತೆ ಅಷ್ಟೇ."

ಕೈಯಲ್ಲಿದ್ದ ಪಾತ್ರೆ ಅವನ ಮೇಲೆ ಎಸೆಯಬಹುದಿತ್ತು. ಅವಳು ತೊಳೆದು ಬೋರಲು ಹಾಕಿದಳು.

ಮೆಣಸು ಬಂದ ದಿನ ಬಸ್‌ಸ್ಟ್ಯಾಂಡಿನಲ್ಲೇ ಹೊಸಬಳು ಪಾಠ ಹೇಳಿದಳು. ಹೇಳುವಾಗ ಮೂಗು ಒರೆಸಿಕೊಂಡಳು. ಈ ಸಲ ನೆಗಡಿಯಲ್ಲ. ಹುಡುಗಿ ಗಮನವಿಟ್ಟು ಕೇಳಿ, ಎರಡೇ ಪ್ರಶ್ನೆ ಕೇಳಿದಳು.

"ತಪ್ಪಾಗಿ ಅಮ್ಮ ಅಂದ್ಬಿಟ್ರೆ?"

"ಮನೆಯಿಂದ ಆಚೆ ಹಾಕ್ತಾರೆ."

"ಅಲ್ಲಿ ಟೀವಿ ಇದ್ಯಾ?"

ಮೆಣಸು ತಪ್ಪಲಿಲ್ಲ. ಬಂದ ಸಂಜೆಯೇ ಅತ್ತೆಯ ಕುರ್ಚಿಯ ಪಕ್ಕ ಸ್ಟೂಲು ಹಾಕಿಕೊಂಡು, ಪೊರೆಗೆ ಕಾಣದ್ದನ್ನೆಲ್ಲ ಹೇಳತೊಡಗಿದಳು. "ಅಜ್ಜಿ, ಈಗ ಮಾವ ಬಿಸ್ಕತ್ತು ಸೋಫಾ ಕೆಳಗೆ ಬಚ್ಚಿಟ್ಟ. ಅಜ್ಜಿ, ಬಾಡಿಗೆಯವನು ಅದರ ಮೇಲೇ ಕೂತ." ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಮನೆಯಲ್ಲಿ ಎಲ್ಲರಿಗೂ ಹೌಸ್‌ಫುಲ್ ಆಗಿದ್ದ ಕಿಂಡಿ ಮೆಣಸಿಗೆ ಮಾತ್ರ ತೆರೆಯಿತು. ಅವರ ಹಾಸಿಗೆಯಲ್ಲೇ ಮಲಗಿದಳು. ಅಕ್ಕನ ಫೋನ್ ಬಂದರೆ ಅತ್ತೆಯ ಮುಂದೆಯೇ ಕಿವಿಗಿಟ್ಟುಕೊಂಡು, "ಅಮ್ಮ, ಊಟ ಆಯ್ತಾ? ನಂಗೆ ನಿನ್ ನೆನಪಾಗುತ್ತೆ ಅಮ್ಮ," ಅಂತ ರಾಗ ಎಳೆಯುತ್ತಿದ್ದಳು. ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದವಳಿಗೆ ಕಣ್ಣೀರಿಗೆ ಕಾರಣ ಹುಡುಕುವ ಕಷ್ಟ ಇರಲಿಲ್ಲ.

ಒಂದು ಮಧ್ಯಾಹ್ನ ಅತ್ತೆ ನಿದ್ದೆ ಹೋಗಿದ್ದರು. ಹೊಸಬಳು ಮಗಳನ್ನು ಅಡುಗೆಮನೆಗೆ ಎಳೆದುಕೊಂಡು ತಲೆ ಬಾಚಿದಳು.

"ಇಲ್ಲಿ ಯಾರೂ ಇಲ್ಲ. ಒಂದ್ಸಲ ಅಮ್ಮ ಅನ್ನೇ."

ಮೆಣಸು ಬಾಗಿಲ ಕಡೆ ನೋಡಿದಳು. "ಬೇಡ ಚಿಕ್ಕಮ್ಮ. ಅಭ್ಯಾಸ ತಪ್ಪೋಗುತ್ತೆ."

"ಮೆಲ್ಲಗೆ ಅನ್ನು."

"ನೀವೇ ತಾನೇ ಬೇಡ ಅಂದಿದ್ದು? ಕೂದ್ಲು ಎಳೀಬೇಡಿ ಚಿಕ್ಕಮ್ಮ, ನೋಯುತ್ತೆ."

'ನೀನು' ಹೋಗಿ 'ನೀವು' ಆಗಿತ್ತು. ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಡೈಲಾಗು ಮಾತ್ರ ಮೆಚ್ಚಿ ತಲೆದೂಗುತ್ತಿದ್ದ. "ಇವಳ ಮುಂದೆ ನಮ್ಮ ಕಲಾವಿದರೆಲ್ಲ ದಂಡ ಅತ್ತಿಗೆ. ನಿಮಗಿಂತ ನೂರು ಪಾಲು ವಾಸಿ." ಅವಳನ್ನೇ ನೋಡಿ 'ಅಡುಗೆ ಆಯ್ತಾ'ಕ್ಕೂ ಒಂದು ಹುಡುಗಿಯನ್ನು ತಂದ. ಜನ ಮೆಚ್ಚಿಕೊಂಡರು. ಧಾರಾವಾಹಿಗೆ ಮತ್ತೆ ಆಯಸ್ಸು ಬಂತು.

ಕೆಲವು ವಾರ ಹೀಗೇ ಹೋಯಿತು. ಆಮೇಲೆ ಮೆಟ್ಟಿಲ ಸಂಗತಿ ನಡೆಯಿತು.

ಅತ್ತೆಯನ್ನು ಕೆಳಗಿನ ಬಣ್ಣದಂಗಡಿಯವನ ಹೆಂಡತಿ ಮಾತಿಗೆ ಕರೆದುಕೊಂಡು ಹೋಗಿದ್ದಳು. ಗಂಡಸರು ಕೆಲಸಕ್ಕೆ ಹೋಗಿದ್ದರು. ಮನೆಯಲ್ಲಿ ತಾಯಿ ಮಗಳು ಬಿಟ್ಟರೆ ಒಂದು ನರಪಿಳ್ಳೆಯೂ ಇರಲಿಲ್ಲ. ತಾರಸಿಯಿಂದ ಓಡಿಬರುತ್ತಿದ್ದ ಮೆಣಸು ಜಾರಿ, ಮೊಣಕಾಲು ಮೆಟ್ಟಿಲ ಅಂಚಿಗೆ ಬಡಿದು ರಕ್ತ ಚಿಮ್ಮಿತು. ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಕೂತ ಬೋಳುತಲೆಯ ಮುದುಕರೂ, ತಾಯಿ ಸತ್ತು ಯಾವ ಕಾಲವಾದವರೂ, ಇಕ್ಕಳ ತಾಗಿದರೆ ಕೂಗುವುದು ಒಂದೇ ಮಾತು. ಅದನ್ನು ಲ್ಯಾಬಿನಲ್ಲಿ ಹೊಸಬಳು ಗೋಡೆಯ ಈಚೆಯಿಂದ ದಿನಾ ಕೇಳಿದ್ದಳು.

ಮೆಣಸು ಕೂಗಿದಳು: "ಚಿಕ್ಕಮ್ಮಾ!"

ಹೊಸಬಳು ಓಡಿಹೋಗಿ ಎತ್ತಿಕೊಂಡಳು, ಗಾಯ ತೊಳೆದಳು, ಬಟ್ಟೆ ಕಟ್ಟಿದಳು. ಅತ್ತೆ ಮೇಲೆ ಬರುವುದನ್ನೇ ಕಾದಳು. ಅವರು ಬಂದು, ಬಟಾಣಿಯ ಮೊರ ತೊಡೆಯ ಮೇಲಿಟ್ಟುಕೊಂಡು ಸುಲಿಯಲು ಕೂತರು. ಮೆಣಸು ಒಳಗೆ ಮಲಗಿದ್ದಳು.

"ಅತ್ತೆ, ನಿಮ್ಗೊಂದು ಮಾತು ಹೇಳ್ಬೇಕು. ನಾನು ಅವಳಲ್ಲ."

ಬಟಾಣಿ ಸಿಪ್ಪೆ ಸೀಳಿದ ಸದ್ದು. "ಗೊತ್ತು," ಅಂದರು ಅತ್ತೆ.

ಅವಳು ನಿಂತಲ್ಲೇ ನಿಂತಳು.

"ಯಾವಾಗಿಂದ?"

"ನೀನು ಮೊದಲ್ನೇ ದಿನ ಬಡಿಸ್ದಾಗಿಂದ. ಅಷ್ಟು ರುಚಿಯಾಗಿರೋದು ಈ ಮನೇಲಿ ನಾನು ಉಂಡೇ ಇರ್ಲಿಲ್ಲ. ಬಾಯಿ ತೆರೆದ್ರೆ ಬೈಯೋಕೆ ಏನೂ ಸಿಗ್ಲಿಲ್ಲ. ಉಂಡಿದ್ದು ಅರಗ್ಲಿಲ್ಲ ನಂಗೆ ಆವತ್ತು."

"ಮತ್ತೆ ಯಾಕೆ ಸುಮ್ನಿದ್ರಿ?"

"ಮಾರನೇ ದಿನ ಉಪ್ಪು ಹಾಕಿದ್ಯಲ್ಲ! ಕಲೀತಾಳೆ ಅಂದ್ಕೊಂಡೆ." ಇನ್ನೊಂದು ಸಿಪ್ಪೆ. "ಆ ಮಗುನೂ ನಿಂದೇ. ನಿದ್ದೇಲಿ ನಿನ್ ಥರಾನೇ ಹಲ್ಲು ಕಡೀತಾಳೆ."

"ಅತ್ತೆ, ನಿಮ್ ಕಾಲು ಹಿಡ್ಕೋತೀನಿ. ಅವಳು ನನ್ನ ಅಮ್ಮ ಅನ್ಲಿ. ಅಷ್ಟೇ ಸಾಕು ನಂಗೆ. ನೀವು ಒಂದ್ ಮಾತು ಹೇಳಿದ್ರೆ ಎಲ್ಲಾ ಸರಿಹೋಗುತ್ತೆ."

"ಎಲ್ಲಿ ಸರಿಹೋಗುತ್ತೆ? ನೀನು ಹೊಸ ಸೊಸೆ ಆಗ್ತೀಯ. ನಿನ್ನ ಹೊಸದಾಗಿ ಬೈಬೇಕು ನಾನು. ಈ ವಯಸ್ಸಲ್ಲಿ ನಂಗಾಗಲ್ಲಮ್ಮ. ಆ ಹುಡ್ಗಿ ನಿನ್ನ ಹಿಂದೆ ಅಡುಗೆಮನೆಗೆ ಹೋಗ್ತಾಳೆ. ನಂಗೆ ಟೀವಿ ಯಾರು ನೋಡಿ ಹೇಳೋರು? ಮಕ್ಕಳು ಹೆದರೋದು ಬಿಡ್ತಾರೆ. ಈಗ ನೋಡು, ಎಷ್ಟ್ ಚೆನ್ನಾಗಿ ಬಾಲ ಮುದುರಿಕೊಂಡಿದಾರೆ ಇಬ್ರೂ."

"ನನ್ ಗತಿ?"

"ಹೌಸ್‌ಫುಲ್," ಅಂದರು ಅತ್ತೆ. ಮೊರವನ್ನು ಅವಳ ಕಡೆ ತಳ್ಳಿದರು. "ನಂಗೆ ಗೊತ್ತು ಅಂತ ಅವರಿಗೆ ಬಾಯಿಬಿಟ್ಯೋ, ಆವತ್ತೇ ಮನೆ ಮಾರ್ತೀನಿ. ಹೋಗು, ಬೇಯೋಕೆ ಹಾಕು. ಉಪ್ಪು ಮರೀಬೇಡ."

ಸಂಜೆ ಬಟಾಣಿ ಬೆಂದಿತು. ಹೊಸಬಳು ಉಪ್ಪಿನ ಡಬ್ಬಿ ತೆರೆದಳು, ತನ್ನ ನಾಲಿಗೆಗೆ ಎಷ್ಟು ಬೇಕೋ ಅಷ್ಟೇ ಹಾಕಿದಳು, ಮುಚ್ಚಿದಳು. ಹಳಬಳ ಚಪ್ಪಲಿ ಬಾಗಿಲಲ್ಲಿ ಜೋಡಿಸಿಟ್ಟು ಬರಿಗಾಲಲ್ಲಿ ಬಂದು ಎಲ್ಲರಿಗೂ ಬಡಿಸಿದಳು. ಟೀವಿಯಲ್ಲಿ 'ಅಡುಗೆ ಆಯ್ತಾ' ನಡೆದಿತ್ತು; ಅಲ್ಲಿಯೂ ಊಟಕ್ಕೆ ಕೂತಿದ್ದರು.

ಅತ್ತೆ ತುತ್ತು ಬಾಯಿಗಿಟ್ಟರು. ಅಗಿಯುವುದು ನಿಂತಿತು. ಮೇಸ್ತ್ರಿ ತಾಯಿಯ ಮುಖ ನೋಡಿದ, ಹೆಂಡತಿಯ ಮುಖ ನೋಡಿದ, ಬೆವರಿದ.

"ಎಲ್ಲರೂ ಕೇಳಿ," ಅಂದಳು ಹೊಸಬಳು. "ನಾನು ಅವಳಲ್ಲ. ಅವಳು ಹೋಗಿ ವರ್ಷದ ಮೇಲಾಯ್ತು. ಇವಳು ನನ್ ಮಗಳು. ನಾನ್ ಹೆತ್ತಿದ್ದು."

ಟೀವಿಯೊಳಗಿನ ಜನ ಏನಕ್ಕೋ ಗೊಳ್ಳೆಂದರು. ಅದರ ಬೆನ್ನಿಗೇ ಅತ್ತೆಯೂ ನಕ್ಕರು, ತಲೆ ಹಿಂದಕ್ಕೆ ಹಾಕಿ, ತೊಡೆ ತಟ್ಟಿ. "ನೋಡ್ರೋ! ಉಪ್ಪು ಹಾಕೋದ್ ಮರೆತು ಹೆಂಗ್ ಕಥೆ ಕಟ್ತಾಳೆ!"

ಡೈಲಾಗು ಮೊದಲು ನಕ್ಕ. ಅವನದು ತಪ್ಪಿಸಿಕೊಂಡವನ ನಗು. ಮೇಸ್ತ್ರಿ ಸಾಕು ಸಾಕು ಅಂದ. ಹೊಸಬಳು ಮಗಳ ಕಡೆ ನೋಡಿದಳು. ಮೆಣಸು ಒಂದು ಕ್ಷಣ ತಡೆದು, ಸರಿಯಾದ ಹೊತ್ತಿಗೆ, ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಕಿಲಕಿಲ ನಕ್ಕಳು. "ಚಿಕ್ಕಮ್ಮ ತಮಾಷೆ ಮಾಡ್ತಾರೆ ಅಜ್ಜಿ."

ಹೊಸಬಳು ಉಪ್ಪಿನ ಡಬ್ಬಿ ತಂದು ಅತ್ತೆಯ ಕೈಗೆ ತಾಗುವ ಹಾಗೆ ಇಟ್ಟಳು. ಬಂದ ದಿನ ತಂದಿದ್ದ ಚೀಲ ತೆಗೆದುಕೊಂಡಳು. ಬಾಗಿಲು ಹಾಕದೆ ಹೊರಗೆ ಬಂದು ಬರಿಗಾಲಲ್ಲಿ ಮೆಟ್ಟಿಲಿಳಿದಳು. ಎಲ್ಲಿಗೆ ಅಂತ ಅವಳನ್ನು ಕೇಳಿದ್ದರೆ ಅವಳಿಗೂ ಗೊತ್ತಿರಲಿಲ್ಲ. ಯಾರೂ ಕೇಳಲಿಲ್ಲ.

ಮೇಲಿನಿಂದ ಮೇಸ್ತ್ರಿಯ ಮಾತು ಬಂತು: "ಅಮ್ಮ, ಅವಳು ಎದ್ದೋದ್ಲು."

"ಹೋಗ್ಲಿ ಬಿಡೋ," ಅತ್ತೆಯ ದನಿ ಸ್ವಲ್ಪವೂ ನಡುಗಲಿಲ್ಲ. "ಇನ್ನೊಬ್ಬಳನ್ನ ತನ್ನಿ. ಹೋದ್ಸಲದ ಹಾಗೇ ಒಂದು ವಾರ ನೆಗಡಿ ಅನ್ನಿ. ನಂಗೇನ್ ಗೊತ್ತಾಗುತ್ತೆ?"

ತಟ್ಟೆಯ ಮೇಲೆ ಯಾರದೋ ಚಮಚ ಬಿದ್ದ ಸದ್ದು. ಆಮೇಲೆ ಕುರ್ಚಿಯೋ ಸ್ಟೂಲೋ ಸರಿದ ಸದ್ದು. ಹೊಸಬಳು ಕೆಳಗಿನ ತಿರುವಿನಲ್ಲಿ ನಿಂತಳು. ಸಣ್ಣ ಹೆಜ್ಜೆಗಳು ದಡಬಡನೆ ಇಳಿದು ಬಂದವು.

"ನನ್ ಚೀಲ ಅಲ್ಲೇ ಮರ್ತೆ ಚಿಕ್ಕಮ್ಮ," ಅಂದಳು ಮೆಣಸು, ಏದುಸಿರು ಬಿಡುತ್ತ.

"ಇರ್ಲಿ. ಬಾ."

ಬಣ್ಣದಂಗಡಿಯವನು ದಾರಿಗೆ ಅಡ್ಡ ಡಬ್ಬಗಳನ್ನು ಪೇರಿಸಿಟ್ಟಿದ್ದ. ಕತ್ತಲಲ್ಲಿ ಮೆಣಸಿನ ಕಾಲು ಒಂದಕ್ಕೆ ತಾಗಿತು, ಗಾಯವಾಗಿದ್ದ ಕಾಲೇ.

"ಅಮ್ಮಾ!"

ನೋವಿಗೆ ಅಂದದ್ದೋ ತನ್ನನ್ನು ಕರೆದದ್ದೋ ಅಂತ ಹೊಸಬಳು ಕೇಳಲಿಲ್ಲ. ಕೇಳಿ ಇದ್ದದ್ದನ್ನೂ ಕಳೆದುಕೊಳ್ಳುವ ಧೈರ್ಯ ಅವಳಿಗಿರಲಿಲ್ಲ. ಕೈ ಗಟ್ಟಿಯಾಗಿ ಹಿಡಿದು ಬೀದಿಗೆ ಇಳಿದಳು. ಹಿಂದೆ, ತೆರೆದ ಬಾಗಿಲಿನಿಂದ, ಅತ್ತೆ ಪಕ್ಕದ ಖಾಲಿ ಸ್ಟೂಲಿನ ಕಡೆ ಬಾಗಿ ಹೇಳುತ್ತಿದ್ದದ್ದು ಇನ್ನೂ ಕೇಳುತ್ತಿತ್ತು:

"ನೀನೇನೂ ಹೆದರ್ಬೇಡ ಮೆಣಸು, ಹೊಸ ಚಿಕ್ಕಮ್ಮ ಬರ್ತಾಳೆ, ಅವಳಿಗೆ ಉಪ್ಪಿನ ಮಾತು ನೀನೇ ಕಲಿಸ್ಕೊಡು, ಎಲ್ಲಾ ಮೊದಲಿನ ಹಾಗೇ ಆಗುತ್ತೆ, ಈಗ ಹೇಳು, ಟೀವೀಲಿ ಮಾವ ಏನ್ ಮಾಡ್ತಿದಾನೆ, ಬಿಸ್ಕತ್ತು ಸಿಕ್ತಾ ಇಲ್ಲಾ ಬಾಡಿಗೆಯವನು ಮತ್ತೆ ಅದರ ಮೇಲೇ